ಸೋಯಾ ಕಾಳು ಮತ್ತು ಪಿಎಚ್ ಮೀಟರ್: ಡಿಗ್ರಿ ಲ್ಯಾಬಿನಲ್ಲಿ ಬಯೋಸೆನ್ಸರ್ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಮುಧೋಳ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬಿ.ಎಸ್ಸಿ. ಕೊನೆಯ ವರ್ಷದ ಮಕ್ಕಳ ಕೈಯಿಂದಲೇ ಒಂದು ಕಿಣ್ವದ ಬಯೋಸೆನ್ಸರ್ ಮಾಡಿಸಬೇಕು ಅಂತ ಆಸೆ. ಎಲ್ಲಿ ಓದಿದರೂ ಗ್ಲೂಕೋಸ್ ಆಕ್ಸಿಡೇಸ್, ಚಿನ್ನದ ಎಲೆಕ್ಟ್ರೋಡ್, ಪೊಟೆನ್ಶಿಯೊಸ್ಟಾಟ್ ಅಂತಲೇ ಇರುತ್ತದೆ. ನಮ್ಮಲ್ಲಿ ಇರುವುದು ಎರಡು ಪಿಎಚ್ ಮೀಟರ್, ಒಂದು ಕಲರಿಮೀಟರ್, ಒಂದು ಹಳೆಯ ಫ್ರಿಜ್. ಹೋದ ವರ್ಷ ಆಲ್ಜಿನೇಟ್ (ಕಡಲಕಳೆಯಿಂದ ಬರುವ ಜೆಲ್) ಗುಂಡುಗಳಲ್ಲಿ ಯೂರಿಯೇಸ್, ಅಂದರೆ ಯೂರಿಯಾ ಒಡೆಯುವ ಕಿಣ್ವ, ಸೇರಿಸಿ ನೋಡಿದೆವು. ಫಾಸ್ಫೇಟ್ ಬಫರಿಗೆ ಹಾಕಿದ ಮೇಲೆ ಗುಂಡುಗಳು ಮೆತ್ತಗಾಗಿ ಕರಗಿ ಹೋದವು. ರೀಡಿಂಗ್ ಕೂಡ ದಿನಕ್ಕೊಂದು ಥರ ಬಂತು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೇಡಂ, ನಿಮ್ಮ ಹತ್ತಿರ ಇರುವಷ್ಟು ಸಾಮಾನು ಸಾಕು. ಹೋದ ವರ್ಷ ನೀವು ಹಿಡಿದ ದಾರಿಯೂ ಸರಿಯಾಗಿಯೇ ಇತ್ತು. ಯೂರಿಯೇಸನ್ನು ಬಿಡಬೇಡಿ. ಗ್ಲೂಕೋಸಿನ ಕಡೆ ಈಗಲೇ ಓಡಬೇಡಿ. ಗುಂಡು ಕರಗಿದ್ದಕ್ಕೂ ರೀಡಿಂಗ್ ಕುಣಿದಿದ್ದಕ್ಕೂ ಕಾರಣ ಇದೆ. ಆ ಕಾರಣ ಹುಡುಕುವುದೇ ಈ ಪ್ರಯೋಗದ ನಿಜವಾದ ಪಾಠ ಅಂತ ನಾನು ನಂಬಿದ್ದೇನೆ. ಬೆಳಗಾವಿಯಲ್ಲಿ ಎಷ್ಟೋ ಬ್ಯಾಚುಗಳಿಗೆ ಇದನ್ನು ಮಾಡಿಸಿದ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಪರೀಕ್ಷಾ ನಳಿಕೆಗೆ ಕಿಣ್ವ ಸುರಿದು ಬಣ್ಣ ನೋಡಿದರೆ ಅದು ಕಿಣ್ವದ ಪರೀಕ್ಷೆ ಮಾತ್ರ, ಬಯೋಸೆನ್ಸರ್ ಅಲ್ಲ. ಸೆನ್ಸರ್ ಆಗಬೇಕಾದರೆ ಕಿಣ್ವ ಒಂದು ಕಡೆ ಕಟ್ಟಿಹಾಕಿದಂತೆ ಕೂತಿರಬೇಕು. ಅದಕ್ಕೆ ಅಂಟಿಕೊಂಡೇ ಸಿಗ್ನಲ್ ಕೊಡುವ ಒಂದು ಸಾಧನ ಇರಬೇಕು. ಒಂದು ದ್ರಾವಣ ಅಳೆದು, ತೊಳೆದು, ಮತ್ತೆ ಇನ್ನೊಂದಕ್ಕೆ ಅದ್ದಲು ಬರಬೇಕು. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಹೇಳಿದ್ದು ಇದನ್ನೇ. ಕ್ಲಾರ್ಕ್ ಮಾಡಿದ್ದ ಆಮ್ಲಜನಕದ ಎಲೆಕ್ಟ್ರೋಡಿನ ಮುಂದೆ ಗ್ಲೂಕೋಸ್ ಆಕ್ಸಿಡೇಸನ್ನು ಪೊರೆಗಳ ನಡುವೆ ಹಿಡಿದಿಟ್ಟರೆ ಗ್ಲೂಕೋಸ್ ಅಳೆಯಬಹುದು ಅಂತ. ಈಗ ಮನೆಮನೆಯಲ್ಲಿರುವ ಶುಗರ್ ಮೀಟರಿನ ಮೂಲ ಅಲ್ಲಿದೆ. ಏಳು ವರ್ಷ ಬಿಟ್ಟು, 1969ರಲ್ಲಿ, ಗಿಲ್ಬಾಲ್ಟ್ ಮತ್ತು ಮೊಂಟಾಲ್ವೊ ಯೂರಿಯಾ ಅಳೆಯುವ ಎಲೆಕ್ಟ್ರೋಡ್ ಮಾಡಿದರು. ಅವರು ಬಳಸಿದ್ದು ಅಮೋನಿಯಂ ಅಯಾನಿಗೆ ಸ್ಪಂದಿಸುವ ಗಾಜಿನ ಎಲೆಕ್ಟ್ರೋಡ್. ಅದರ ಮೇಲೆ ಯೂರಿಯೇಸಿನ ಜೆಲ್ ಪೊರೆ. ನಿಮ್ಮ ಪಿಎಚ್ ಮೀಟರಿನ ತುದಿಯ ಗಾಜಿನ ಬಲ್ಬು ಅದರ ಹತ್ತಿರದ ನೆಂಟ. ಅಂದರೆ ನಿಮ್ಮ ಹಳೆಯ ಮೀಟರಿನಲ್ಲೇ ಅರ್ಧ ಸೆನ್ಸರ್ ಆಗಲೇ ಇದೆ.

ಯೂರಿಯೇಸ್ ಯೂರಿಯಾವನ್ನು ನೀರಿನ ಜೊತೆ ಸೇರಿಸಿ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಒಂದು ಯೂರಿಯಾ ಅಣುವಿಗೆ ಎರಡು ಅಮೋನಿಯಾ. ಹಾಗಾಗಿ ಪಿಎಚ್ ಏರುತ್ತದೆ. ಇಷ್ಟು ಸರಳವಾದ ಸಿಗ್ನಲ್ ಕೊಡುವ ಕಿಣ್ವಗಳು ಕಡಿಮೆ. ಮಕ್ಕಳಿಗೆ ಹೇಳಲು ಚೆಂದದ ಕಥೆಯೂ ಇದೆ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಅನ್ನುವ ಅವರೆ ಜಾತಿಯ ಕಾಳಿನ ಹಿಟ್ಟನ್ನು ಸುಮಾರು ಶೇ 32ರ ಅಸಿಟೋನಿನಲ್ಲಿ ಕದಡಿ, ಸೋಸಿ, ತಣ್ಣಗೆ ಇಟ್ಟರು. ಮರುದಿನ ಆ ದ್ರವದಲ್ಲಿ ಹರಳುಗಳು ಕಂಡವು. ಅದು ಯೂರಿಯೇಸ್. ಹರಳಾಗಿ ಸಿಕ್ಕ ಮೊದಲ ಕಿಣ್ವ ಅದು. ಕಿಣ್ವ ಅಂದರೆ ಪ್ರೋಟೀನ್ ಅಂತ ಅವರು ಹೇಳಿದಾಗ ಎಷ್ಟೋ ಜನ ಒಪ್ಪಲಿಲ್ಲ. 1946ರಲ್ಲಿ ನೊಬೆಲ್ ಬಂತು. ಹದಿಹರೆಯದಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಎಡಗೈ ಕಳೆದುಕೊಂಡವರು ಅವರು. ಅದೂ ಎಡಚರು. ಒಂದೇ ಕೈಯಲ್ಲಿ ಈ ಕೆಲಸ ಮಾಡಿದರು ಅಂತ ಹೇಳಿದಾಗ ಲ್ಯಾಬಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಆ ಕಿಣ್ವದಲ್ಲಿ ನಿಕ್ಕಲ್ ಇದೆ ಅಂತ ಗೊತ್ತಾಗಿದ್ದು ಇನ್ನೂ ಎಷ್ಟೋ ಆದ ಮೇಲೆ, 1975ರಲ್ಲಿ.

ನಮಗೆ ಜ್ಯಾಕ್ ಬೀನ್ ಬೇಕಿಲ್ಲ. ಬೈಲಹೊಂಗಲದ ಕಡೆ ಮುಂಗಾರಿನಲ್ಲಿ ಹೊಲ ತುಂಬ ಸೋಯಾ ಅವರೆ. ವಿಜಯಪುರದ ಕಡೆ ತೊಗರಿ. ಎರಡರಲ್ಲೂ ಯೂರಿಯೇಸ್ ಇದೆ. ಹಾಲಿಗೆ ಯೂರಿಯಾ ಬೆರೆಸಿದ್ದಾರೋ ಇಲ್ಲವೋ ಅಂತ ಮನೆಯಲ್ಲೇ ನೋಡಿಕೊಳ್ಳಲು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಪರೀಕ್ಷೆ ಹೇಳಿದೆ. ಒಂದು ಚಮಚ ಹಾಲಿಗೆ ಅರ್ಧ ಚಮಚ ಸೋಯಾ ಇಲ್ಲವೇ ತೊಗರಿ ಪುಡಿ ಹಾಕಿ ಕಲಕಿ, ಐದು ನಿಮಿಷ ಬಿಟ್ಟು, ಕೆಂಪು ಲಿಟ್ಮಸ್ ಅದ್ದುವುದು. ನೀಲಿಯಾದರೆ ಯೂರಿಯಾ ಇದೆ. ನಿಮ್ಮ ಮೊದಲ ಪ್ರಾಕ್ಟಿಕಲ್ ಇದೇ ಆಗಲಿ. ಅರ್ಧ ಗಂಟೆಯ ಕೆಲಸ. ನೀಲಿಯಾದ ಕಾಗದ ನೋಡಿದ ಮೇಲೆ ಮಕ್ಕಳೇ ಕೇಳುತ್ತಾರೆ: ಎಷ್ಟು ಇದೆ ಅಂತ ಹೇಗೆ ಗೊತ್ತಾಗುತ್ತದೆ ಅಂತ. ಸೆನ್ಸರ್ ಬೇಕಾಗುವುದೇ ಆ ಪ್ರಶ್ನೆಗೆ, ಅಲ್ವಾ?

ಈಗ ಕಿಣ್ವ ತೆಗೆಯುವ ಕೆಲಸ. ಕಾಳು ಹಸಿಯದಾಗಿರಬೇಕು. ಅಂದರೆ ಹುರಿದದ್ದಲ್ಲ, ಬೇಯಿಸಿದ್ದಲ್ಲ. ನಮ್ಮ ಒಂದು ಬ್ಯಾಚಿನವರು ಅಂಗಡಿಯಿಂದ ಸೋಯಾ ಹಿಟ್ಟಿನ ಪ್ಯಾಕೆಟ್ ತಂದರು. ಮಧ್ಯಾಹ್ನದವರೆಗೂ ಪಿಎಚ್ ಅಲುಗಾಡಲಿಲ್ಲ. ಆ ಹಿಟ್ಟು ಬಿಸಿ ಉಗಿ ಕಂಡು ಬಂದದ್ದು ಅಂತ ಆಮೇಲೆ ಹೊಳೆಯಿತು. ಪಶು ಆಹಾರದ ಕಾರ್ಖಾನೆಗಳಲ್ಲಿ ಸೋಯಾ ಹಿಂಡಿ ಸರಿಯಾಗಿ ಬಿಸಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಯೂರಿಯೇಸ್ ಪರೀಕ್ಷೆಯನ್ನೇ ಮಾಡುತ್ತಾರೆ. ಯೂರಿಯೇಸ್ ಸತ್ತಿದ್ದರೆ ಹಿಂಡಿ ಬೆಂದಿದೆ ಅಂತ ಲೆಕ್ಕ. ಅವರಿಗೆ ಬೇಡವಾದದ್ದು ನಮಗೆ ಬೇಕು. ಆದ್ದರಿಂದ ರೈತರ ಮನೆಯಿಂದ ಬಂದ ಕಾಳೇ ಒಳ್ಳೆಯದು. ನಿಮ್ಮ ಕ್ಲಾಸಿನಲ್ಲಿ ಅಂಥ ಮಕ್ಕಳು ಇದ್ದೇ ಇರುತ್ತಾರೆ.

ಮಿಕ್ಸಿಯಲ್ಲಿ ತಡೆದು ತಡೆದು ರುಬ್ಬಿಸಿ. ಒಂದೇ ಸಮನೆ ತಿರುಗಿಸಿದರೆ ಜಾರ್ ಬಿಸಿಯಾಗುತ್ತದೆ. ಐದು ಗ್ರಾಂ ಹಿಟ್ಟಿಗೆ 50 ಮಿ.ಲೀ. ತಣ್ಣನೆಯ ಡಿಸ್ಟಿಲ್ಡ್ ನೀರು. ಬೀಕರನ್ನು ಮಂಜುಗಡ್ಡೆಯ ತಟ್ಟೆಯಲ್ಲಿಟ್ಟು ಅರ್ಧ ಗಂಟೆ ಕಲಕಬೇಕು. ಆಮೇಲೆ ತೆಳುವಾದ ಬಟ್ಟೆಯಲ್ಲಿ ಹಿಂಡಿ, ಫ್ರಿಜ್ಜಿನಲ್ಲಿ ತಿಳಿಯಾಗಲು ಬಿಡಿ. ಸೆಂಟ್ರಿಫ್ಯೂಜ್ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ. ಮೇಲಿನ ತಿಳಿಯೇ ನಿಮ್ಮ ಕಿಣ್ವ. ಅದನ್ನು ಅದೇ ದಿನ ಬಳಸಿ. ಎರಡನೇ ದಿನಕ್ಕೆ ವಾಸನೆ ಬರುತ್ತದೆ. ಕೆಡದಿರಲಿ ಅಂತ ಸೋಡಿಯಂ ಅಜೈಡ್ ಹಾಕುವ ಯೋಚನೆ ಮಾತ್ರ ಬೇಡ. ಅದು ವಿಷ. ಡಿಗ್ರಿ ಮಕ್ಕಳ ಮೇಜಿನ ಮೇಲೆ ಅದಕ್ಕೆ ಜಾಗ ಇರಬಾರದು.

ಇನ್ನು ಕರಗಿದ ಗುಂಡಿನ ವಿಷಯ. ಆಲ್ಜಿನೇಟನ್ನು ಗಟ್ಟಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ. ಫಾಸ್ಫೇಟ್ ಬಂದರೆ ಕ್ಯಾಲ್ಸಿಯಮ್ಮನ್ನು ತಾನು ಎಳೆದುಕೊಳ್ಳುತ್ತದೆ. ಗೋಡೆಯಿಂದ ಇಟ್ಟಿಗೆ ಕಿತ್ತ ಹಾಗೆ. ಸಿಟ್ರೇಟ್ ಕೂಡ ಹೀಗೇ ಮಾಡುತ್ತದೆ. ಅದಕ್ಕೆ ಟ್ರಿಸ್ ಬಫರ್ ಬಳಸಿ, ಅದರಲ್ಲಿ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಇರಲಿ, ಒಂದೆರಡು ಮಿಲಿಮೋಲಾರ್ ಸಾಕು. ಆದರೆ ಇಲ್ಲಿ ಇನ್ನೊಂದು ಗುಟ್ಟಿದೆ. ಪಿಎಚ್ ಏರುವುದನ್ನೇ ನಾವು ಅಳೆಯುತ್ತಿದ್ದೇವೆ. ಬಫರಿನ ಕೆಲಸ ಪಿಎಚ್ ಏರದಂತೆ ತಡೆಯುವುದು. ಪುಸ್ತಕದಲ್ಲಿ ಇದೆ ಅಂತ 100 ಮಿಲಿಮೋಲಾರ್ ಬಫರ್ ತುಂಬಿದರೆ ಸಿಗ್ನಲ್ ಅಲ್ಲೇ ಮುಳುಗುತ್ತದೆ. ಬಫರೇ ಇಲ್ಲದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೂ ಸೂಜಿ ಓಡಾಡುತ್ತದೆ. ನಾವು 5 ಮಿಲಿಮೋಲಾರ್ ಟ್ರಿಸ್, ಪಿಎಚ್ 7.2ಕ್ಕೆ ಹೊಂದಿಸಿ ಬಳಸುತ್ತೇವೆ. ಒಂದು ಗುಂಪಿಗೆ 2, ಇನ್ನೊಂದಕ್ಕೆ 5, ಮತ್ತೊಂದಕ್ಕೆ 50 ಕೊಟ್ಟು ನೋಡಿ. ಬಫರ್ ಸಾಮರ್ಥ್ಯ ಅಂದರೇನು ಅಂತ ಬೋರ್ಡಿನ ಮೇಲೆ ಒಂದು ಗಂಟೆ ಹೇಳಿದರೂ ಬಾರದ ತಿಳಿವಳಿಕೆ ಆ ಮೂರು ಗೆರೆಗಳಲ್ಲಿ ಬರುತ್ತದೆ.

ಮತ್ತು ಗುಂಡು ಬೇಡ. ಪೊರೆ ಮಾಡಿ. ಗುಂಡು ನೋಡಲು ಚೆಂದ, ಸಾಬೂದಾನಿ ಹಾಗೆ. ಆದರೆ ಯೂರಿಯಾ ಅದರ ಒಳಗೆ ಇಳಿದು, ಅಮೋನಿಯಾ ಹೊರಗೆ ಬರಲು ತುಂಬ ಹೊತ್ತು ಬೇಕು. ದಪ್ಪ ಹತ್ತು ಪಟ್ಟಾದರೆ ಹಾದುಹೋಗುವ ಹೊತ್ತು ನೂರು ಪಟ್ಟಾಗುತ್ತದೆ. ಮೂರು ಮಿಲಿಮೀಟರ್ ಗುಂಡಿನಲ್ಲಿ ಉತ್ತರಕ್ಕೆ ಕಾಯುತ್ತಾ ಕೂರಬೇಕು. ಕಾಲು ಮಿಲಿಮೀಟರಿನ ಪೊರೆ ಬಲ್ಬಿಗೆ ಅಂಟಿದ್ದರೆ ಮೊದಲ ನಿಮಿಷದಲ್ಲೇ ಅಂಕಿ ಏರುವುದು ಕಾಣುತ್ತದೆ.

ಪೊರೆ ಮಾಡುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೈಚಳಕ ಬೇಕಾಗುವುದು ಇಲ್ಲೇ. ತೆಳುವಾದ ಬಿಳಿ ಹತ್ತಿ ಮಲ್ ಬಟ್ಟೆ ತೆಗೆದುಕೊಳ್ಳಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಇಳಕಲ್, ಗುಳೇದಗುಡ್ಡದ ಕಡೆಯಿಂದ ಬಂದ, ಮಗ್ಗದ ಮನೆಯ ಮಕ್ಕಳಿದ್ದರೆ ಅವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಚೆನ್ನಾಗಿ ತೊಳೆದು, ಒಂದು ತುಣುಕಿಗೆ ಅಯೋಡಿನ್ ಹನಿ ಬಿಟ್ಟು ನೋಡಿ. ನೀಲಿಯಾದರೆ ಗಂಜಿ ಇನ್ನೂ ಉಳಿದಿದೆ, ಇನ್ನೊಮ್ಮೆ ಕುದಿಸಿ. ಸೋಡಾ ಪೂರ್ತಿ ಹೋಗುವವರೆಗೂ ಡಿಸ್ಟಿಲ್ಡ್ ನೀರಲ್ಲಿ ತೊಳೆಯಬೇಕು. ಆಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ ಕತ್ತರಿಸಿ. ಸೋಯಾ ತಿಳಿಗೆ ಶೇ 2ರಷ್ಟು ಸೋಡಿಯಂ ಆಲ್ಜಿನೇಟ್ ಸೇರಿಸಿ. ಸುಮ್ನೆ ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ರವೆಗೆ ನೀರು ಹಾಕುವಾಗಿನ ಹಾಗೆ ಸ್ವಲ್ಪ ಸ್ವಲ್ಪ ಉದುರಿಸುತ್ತಾ ಕಲಕಬೇಕು. ಬಿಲ್ಲೆಯನ್ನು ಅದರಲ್ಲಿ ಅದ್ದಿ, ಎತ್ತಿ, ಎರಡು ಗಾಜಿನ ಕಡ್ಡಿಗಳ ನಡುವೆ ಎಳೆದರೆ ಜಾಸ್ತಿಯಾದದ್ದು ಇಳಿದುಹೋಗುತ್ತದೆ. ತಕ್ಷಣ ಶೇ 2ರ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಮುಳುಗಿಸಿ ಇಪ್ಪತ್ತು ನಿಮಿಷ ಬಿಡಿ. ಬಟ್ಟೆ ಕೈಗೆ ಎಳೆ ತೆಂಗಿನ ಗಂಜಿಯ ಹಾಗೆ ನುಣುಪಾಗಿ ಸಿಗಬೇಕು. ತೊಳೆದು, ಪಿಎಚ್ ಎಲೆಕ್ಟ್ರೋಡಿನ ಬಲ್ಬಿನ ಮೇಲೆ ಮಡಿಕೆ ಬೀಳದಂತೆ ಹೊದಿಸಿ, ಸಣ್ಣ ರಬ್ಬರ್ ಉಂಗುರದಿಂದ ಬಿಗಿಯಿರಿ. ಒಳಗೆ ಗಾಳಿಗುಳ್ಳೆ ಇದ್ದರೆ ಬಿಚ್ಚಿ ಮತ್ತೆ ಹಾಕಿ. ಎಲೆಕ್ಟ್ರೋಡಿನ ಪಕ್ಕದಲ್ಲಿರುವ ಸಣ್ಣ ರಂಧ್ರ, ಅಂದರೆ ರೆಫರೆನ್ಸಿನ ಜಾಗ, ಮುಚ್ಚದಂತೆ ನೋಡಿಕೊಳ್ಳಬೇಕು. ಅದು ಮುಚ್ಚಿದರೆ ಅಂಕಿ ನಿಲ್ಲುವುದೇ ಇಲ್ಲ.

ಆಲ್ಜಿನೇಟಿನಿಂದ ಕಿಣ್ವ ನಿಧಾನಕ್ಕೆ ಸೋರುತ್ತದೆ. ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟುವ ಗ್ಲುಟರಾಲ್ಡಿಹೈಡ್ ಹಾಕಿ ಹೆಣೆದರೆ ಸೋರುವುದು ಕಡಿಮೆ. ಆದರೆ ಅದರ ಆವಿ ಕಣ್ಣು, ಮೂಗು ಉರಿಸುತ್ತದೆ, ಕೆಲವರಿಗೆ ಅಲರ್ಜಿಯನ್ನೂ ಮಾಡುತ್ತದೆ. ಒಳ್ಳೆಯ ಫ್ಯೂಮ್ ಹುಡ್ ಇಲ್ಲದ ಕಡೆ ಅದನ್ನು ತೆಗೆಯುವುದೇ ಬೇಡ. ಸೋರುವುದನ್ನೇ ಪಾಠ ಮಾಡಿಕೊಳ್ಳಿ. ಪೊರೆ ತೊಳೆದ ನೀರಿಗೆ ಯೂರಿಯಾ ಹಾಕಿ ಪಿಎಚ್ ಏರುತ್ತದೆಯೋ ನೋಡಲು ಒಬ್ಬ ವಿದ್ಯಾರ್ಥಿಗೆ ಹೇಳಿ. ಏರಿದರೆ ಕಿಣ್ವ ಹೊರಗೆ ಬಂದಿದೆ. ಪ್ರತಿ ವಾರ ಅದೇ ಪೊರೆಯಲ್ಲಿ ಅದೇ ದ್ರಾವಣ ಅಳೆದು ಸಿಗ್ನಲ್ ಎಷ್ಟು ಇಳಿಯಿತು ಅಂತ ಬರೆದಿಡಲಿ.

ಸ್ಟ್ಯಾಂಡರ್ಡ್ ದ್ರಾವಣಕ್ಕೆ ಗೊಬ್ಬರದ ಯೂರಿಯಾ ಬಳಸಬೇಡಿ. ನಮ್ಮಲ್ಲಿ ಅದಕ್ಕೆ ಬೇವಿನ ಎಣ್ಣೆಯ ಲೇಪ ಇರುತ್ತದೆ. ಲ್ಯಾಬಿನ ಯೂರಿಯಾ 0.60 ಗ್ರಾಂ ತೂಗಿ 100 ಮಿ.ಲೀ. ಮಾಡಿದರೆ 100 ಮಿಲಿಮೋಲಾರ್ ಸ್ಟಾಕ್ ಆಯಿತು. ಅದರಿಂದ 1, 2, 3, 5, 10, 20 ಮಿಲಿಮೋಲಾರ್ ಮಾಡಿಕೊಳ್ಳಿ. ಎಲ್ಲವನ್ನೂ ಅದೇ ತೆಳು ಬಫರಿನಲ್ಲಿ. ಸ್ಟಿರರಿನ ವೇಗ ಬದಲಾಗಬಾರದು. ವೇಗ ಹೆಚ್ಚಾದರೆ ಪೊರೆಯ ಮುಂದಿನ ನಿಂತ ನೀರು ತೆಳುವಾಗಿ ರೀಡಿಂಗೂ ಬದಲಾಗುತ್ತದೆ. ಎಲೆಕ್ಟ್ರೋಡ್ ಅದ್ದಿದ ಕ್ಷಣದಿಂದ ಎರಡು ನಿಮಿಷದಲ್ಲಿ ಪಿಎಚ್ ಎಷ್ಟು ಏರಿತು ಅನ್ನುವುದೇ ನಿಮ್ಮ ಸಿಗ್ನಲ್. ಅದು ನಿಲ್ಲುವವರೆಗೂ ಕಾಯಬೇಡಿ. ಕೊನೆಗೆ ಎಲ್ಲ ಗಾಢ ದ್ರಾವಣಗಳೂ 9ರ ಆಸುಪಾಸು ಬಂದು ಗುಂಪುಗೂಡುತ್ತವೆ, ಯಾಕೆಂದರೆ ಹುಟ್ಟಿದ ಅಮೋನಿಯಾ ಮತ್ತು ಅಮೋನಿಯಂ ತಾವೇ ಅಲ್ಲಿ ಬಫರ್ ಆಗಿ ಕೂರುತ್ತವೆ. ಪ್ರತಿ ಅಳತೆ ಆದ ಮೇಲೆ ತಾಜಾ ಬಫರಿನಲ್ಲಿ ತೊಳೆದು, ಪಿಎಚ್ ಮತ್ತೆ 7.2ಕ್ಕೆ ಬರುವವರೆಗೂ ತಾಳ್ಮೆ ಬೇಕು.

ಗ್ರಾಫ್ ಹಾಕಿದಾಗ ಮೊದಲು ನೇರ ಹೋಗಿ ಆಮೇಲೆ ಬಾಗುತ್ತದೆ. ಜ್ಯಾಕ್ ಬೀನ್ ಯೂರಿಯೇಸಿನ ಮೈಕೇಲಿಸ್ ಸ್ಥಿರಾಂಕ, ಅಂದರೆ ಕಿಣ್ವದ ವೇಗ ಗರಿಷ್ಠದ ಅರ್ಧ ತಲುಪುವ ಯೂರಿಯಾದ ಸಾಂದ್ರತೆ, ಸುಮಾರು 3 ಮಿಲಿಮೋಲಾರ್. ಆದರೆ ನಿಮ್ಮ ಪೊರೆಯಲ್ಲಿ ನೇರವಾದ ಭಾಗ ಅದನ್ನು ಮೀರಿಯೂ ಹೋಗಬಹುದು, ಯಾಕೆಂದರೆ ಪೊರೆಯ ಒಳಗೆ ಯೂರಿಯಾ ಹೊರಗಿಗಿಂತ ಕಡಿಮೆ ಇರುತ್ತದೆ. ಇದನ್ನು ದಯವಿಟ್ಟು ಮೊದಲೇ ಹೇಳಬೇಡಿ. ಎಲ್ಲ ಬಿಂದುಗಳ ಮೇಲೆ ಒಂದು ನೇರ ಗೆರೆ ಎಳೆದು ತಂದ ಹುಡುಗನಿಗೆ ನಾನು ಕೇಳುವುದು ಇಷ್ಟೇ: 20 ಮಿಲಿಮೋಲಾರ್ ಬಿಂದು ಗೆರೆಯ ಕೆಳಗೆ ಯಾಕೆ ಬಿತ್ತು? ತಪ್ಪಾಗಿ ಅಳೆದೆ ಅಂತ ಅವನು ಹೇಳುತ್ತಾನೆ. ಮೂರು ಸಲ ಅಳೆಸಿದ ಮೇಲೆ ಅವನ ಮುಖ ನೋಡಬೇಕು. ಅಲ್ಲಿಯವರೆಗೆ ಥಿಯರಿ ಪೇಪರಿನಲ್ಲಿ ಇದ್ದ ಆ ಬಾಗಿದ ಗೆರೆ ಅವನ ಬೀಕರಿನಿಂದ ಬಂದಿರುತ್ತದೆ. ಬಿಂದು ತಿದ್ದಿ ನೇರ ಮಾಡಿದ ರೆಕಾರ್ಡಿಗಿಂತ ಬಾಗಿದ ಗೆರೆಯ ರೆಕಾರ್ಡಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ, ಮತ್ತು ಅದನ್ನು ಮೊದಲ ದಿನವೇ ಕ್ಲಾಸಿನಲ್ಲಿ ಹೇಳಿಬಿಡುತ್ತೇನೆ.

ದಿನಕ್ಕೊಂದು ರೀಡಿಂಗ್ ಬಂತು ಅಂದಿರಿ. ನಮಗೂ ಬಂದಿತ್ತು. ಮೂರು ಕಡೆ ಹುಡುಕಿ.

ಮೊದಲು ನೀರು. ಬಾಗಲಕೋಟೆ, ವಿಜಯಪುರದ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಬೈಕಾರ್ಬೊನೇಟ್ ಹೇರಳ. ಒಂದು ವರ್ಷ ನಮ್ಮ ಲ್ಯಾಬಿನಲ್ಲಿ ಫೀನಾಲ್ ರೆಡ್ ಅನ್ನುವ ಬಣ್ಣದ ಸೂಚಕ ಹಾಕಿದ ಬ್ಲ್ಯಾಂಕ್, ಅಂದರೆ ಹೋಲಿಕೆಗೆ ಇಟ್ಟ ಖಾಲಿ ದ್ರಾವಣ, ತಾನಾಗಿಯೇ ಗುಲಾಬಿಯಾಯಿತು. ಯೂರಿಯಾ ಇಲ್ಲ, ಕಿಣ್ವ ಇಲ್ಲ, ಆದರೂ ಗುಲಾಬಿ. ಅರ್ಧ ದಿನ ತಲೆ ಕೆಡಿಸಿಕೊಂಡೆವು. ಬೀಕರುಗಳನ್ನು ನಲ್ಲಿಯಲ್ಲಿ ತೊಳೆದು ಹಾಗೆಯೇ ಬೋರಲು ಹಾಕಿದ್ದರು. ಅಂಚಿನಲ್ಲಿ ಉಳಿದ ಬೋರ್‌ವೆಲ್ ನೀರೇ ಸಾಕಾಗಿತ್ತು. ಫೀನಾಲ್ ರೆಡ್ 6.8ರ ಹತ್ತಿರ ಹಳದಿ, 8.2 ದಾಟಿದರೆ ಗುಲಾಬಿಗೆಂಪು. ನಡುವೆ ದೂರ ಬಹಳ ಇಲ್ಲ. ಅಂದಿನಿಂದ ಕೊನೆಯ ತೊಳೆತ ಯಾವಾಗಲೂ ಡಿಸ್ಟಿಲ್ಡ್ ನೀರಿನದೇ.

ಎರಡನೆಯದು ಲೋಹ. ಯೂರಿಯೇಸಿಗೆ ಬೆಳ್ಳಿ, ಪಾದರಸ, ತಾಮ್ರ ಆಗುವುದಿಲ್ಲ. ಹಿಂದಿನ ಪಿರಿಯಡ್ಡಿನಲ್ಲಿ ಕ್ಲೋರೈಡ್ ಟೈಟ್ರೇಶನ್ ನಡೆದಿದ್ದರೆ ಸಿಲ್ವರ್ ನೈಟ್ರೇಟ್ ಹಾಕಿದ್ದ ಬ್ಯೂರೆಟ್, ಫ್ಲಾಸ್ಕ್ ನಿಮ್ಮ ಮೇಜಿಗೆ ಬರುತ್ತವೆ. ಕಣ್ಣಿಗೆ ಕಾಣದಷ್ಟು ಬೆಳ್ಳಿ ಉಳಿದಿದ್ದರೂ ಕಿಣ್ವ ಮಂಕಾಗುತ್ತದೆ. ಈ ಪ್ರಯೋಗಕ್ಕೆ ಬೇರೆ ಗಾಜಿನ ಸಾಮಾನು ತೆಗೆದಿಟ್ಟು, ಬಣ್ಣದ ಟೇಪ್ ಅಂಟಿಸಿ. ಇದೇ ದೋಷವನ್ನು ಎರಡನೇ ಪ್ರಯೋಗವಾಗಿಯೂ ತಿರುಗಿಸಬಹುದು. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಮಕ್ಕಳಿಗೆ ಗೊತ್ತು. ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದ ತುಂಬ ತೆಳುವಾದ ದ್ರಾವಣದಲ್ಲಿ ಪೊರೆಯನ್ನು ಹತ್ತು ನಿಮಿಷ ಇಟ್ಟು, ತೊಳೆದು, ಮತ್ತೆ ಯೂರಿಯಾ ಅಳೆಯಿರಿ. ಸಿಗ್ನಲ್ ಎಷ್ಟು ಬಿತ್ತು ಅನ್ನುವುದರಿಂದ ತಾಮ್ರದ ಅಂದಾಜು ಸಿಗುತ್ತದೆ. ಕಿಣ್ವ ಸೋಲುವುದೇ ಇಲ್ಲಿ ಅಳತೆ. ಕೀಟನಾಶಕ ಹಿಡಿಯುವ ಸೆನ್ಸರುಗಳೂ ಹೀಗೇ ಕೆಲಸ ಮಾಡುತ್ತವೆ, ಅಲ್ಲಿ ಕಿಣ್ವ ಅಸಿಟೈಲ್‌ಕೋಲಿನ್‌ಎಸ್ಟರೇಸ್. ಆದರೆ ಅದನ್ನು ಡಿಗ್ರಿ ಲ್ಯಾಬಿನಲ್ಲಿ ಮಾಡಿಸಬೇಡಿ. ಆ ಕೀಟನಾಶಕಗಳು ನಮ್ಮ ನರಗಳಲ್ಲಿರುವ ಅದೇ ಕಿಣ್ವವನ್ನೇ ತಡೆಯುತ್ತವೆ. ಮೈಲುತುತ್ತದಲ್ಲೇ ಆ ತತ್ವ ಪೂರ್ತಿ ಅರ್ಥವಾಗುತ್ತದೆ.

ಮೂರನೆಯದು ಬಿಸಿಲು. ಜನವರಿಯಲ್ಲಿ ಮಾಡಿದ ಕ್ಯಾಲಿಬ್ರೇಶನ್ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ನಿಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಕಿಣ್ವದ ವೇಗ, ಎಲೆಕ್ಟ್ರೋಡಿನ ಇಳಿಜಾರು, ಟ್ರಿಸ್‌ನ ಪಿಎಚ್, ಮೂರೂ ಉಷ್ಣಾಂಶದ ಜೊತೆ ಓಡುತ್ತವೆ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ಬೀಕರ್ ಇಟ್ಟು ಅಳೆಯಿರಿ. ಪ್ರತಿ ರೀಡಿಂಗ್ ಪಕ್ಕದಲ್ಲಿ ಉಷ್ಣಾಂಶ ಬರೆಸಿ. ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್ ಒಂದೇ ದಿನ ಆಗಲೇಬೇಕು.

ಬ್ಲ್ಯಾಂಕ್ ಒಂದಲ್ಲ, ಮೂರು ಬೇಕು. ಪೊರೆ ಇದ್ದು ಯೂರಿಯಾ ಇಲ್ಲದ್ದು. ಯೂರಿಯಾ ಇದ್ದು ಪೊರೆ ಇಲ್ಲದ್ದು. ಮತ್ತು ಹತ್ತು ನಿಮಿಷ ಕುದಿಸಿದ ತಿಳಿಯಿಂದ ಮಾಡಿದ ಪೊರೆ. ಮೂರನೆಯದನ್ನು ಬಿಟ್ಟವರೇ ಜಾಸ್ತಿ. ಕುದಿಸಿದ ಪೊರೆಯೂ ಪಿಎಚ್ ಏರಿಸಿದರೆ ನೀವು ಅಳೆಯುತ್ತಿರುವುದು ಕಿಣ್ವವನ್ನಲ್ಲ, ಬಹುಶಃ ಬಟ್ಟೆಯಲ್ಲಿ ಉಳಿದ ಸೋಡಾವನ್ನು. ಮೊದಲ ಬ್ಲ್ಯಾಂಕನ್ನು ಹತ್ತು ಸಲ ಅಳೆಸಿ, ಅದರ ಏರಿಳಿತದ ಮೂರು ಪಟ್ಟನ್ನು ನೇರ ಗೆರೆಯ ಇಳಿಜಾರಿನಿಂದ ಭಾಗಿಸಿದರೆ ಸೆನ್ಸರ್ ಎಷ್ಟು ಕಡಿಮೆ ಯೂರಿಯಾವರೆಗೆ ನಂಬಿಕೆಗೆ ಅರ್ಹ ಅಂತ ತಿಳಿಯುತ್ತದೆ.

ಎರಡು ಪಿಎಚ್ ಮೀಟರಿಗೆ ಮೂವತ್ತು ಮಕ್ಕಳು ಸಾಲು ನಿಲ್ಲಬೇಕಾದರೆ ಉಳಿದವರಿಗೆ ಕಾಗದದ ಪಟ್ಟಿ ಕೊಡಿ. ಫಿಲ್ಟರ್ ಪೇಪರಿಗೆ ಫೀನಾಲ್ ರೆಡ್ ಮತ್ತು ಸೋಯಾ ತಿಳಿ ಹೀರಿಸಿ, ಫ್ಯಾನಿನ ಕೆಳಗೆ ಒಣಗಿಸಿದರೆ ಆಯಿತು. ಹನಿ ಬಿಟ್ಟು, ಮೂರು ನಿಮಿಷಕ್ಕೆ ಮೊಬೈಲಿನಲ್ಲಿ ಫೋಟೊ. ರಟ್ಟಿನ ಡಬ್ಬದೊಳಗೆ ಒಂದೇ ಬಲ್ಬಿನ ಬೆಳಕಿರಲಿ, ಪಕ್ಕದಲ್ಲಿ ಬಿಳಿ ಕಾಗದ ಇರಲಿ. ಫೋಟೊದ ಕೆಂಪು, ಹಸಿರು, ನೀಲಿ ಅಂಕಿಗಳಲ್ಲಿ ಹಸಿರಿನದನ್ನು ತೆಗೆದು, ಬಿಳಿ ಕಾಗದದ ಹಸಿರು ಅಂಕಿಯ ಜೊತೆ ಹೋಲಿಸಿದರೆ ಕ್ಯಾಲಿಬ್ರೇಶನ್ ಬರುತ್ತದೆ. ಅರಿಸಿನದ ಕಾಗದವೂ ಆಗುತ್ತದೆ, ಆದರೆ ಅದು ಕೆಂಪಾಗಲು ಜಾಸ್ತಿ ಕ್ಷಾರ ಬೇಕು.

ಗ್ಲೂಕೋಸ್ ಮಾಡಲೇಬೇಕು ಅಂತಿದ್ದರೆ ಮುಂದಿನ ವರ್ಷಕ್ಕೆ ಇಡಿ. ಶುದ್ಧ ಕಿಣ್ವ ತರಿಸುವ ಬದಲು, ಊರಿನ ರಕ್ತಪರೀಕ್ಷೆ ಲ್ಯಾಬುಗಳು ಬಳಸುವ ಗ್ಲೂಕೋಸ್ ಆಕ್ಸಿಡೇಸ್–ಪೆರಾಕ್ಸಿಡೇಸ್ ಕಿಟ್ ತೆಗೆದುಕೊಳ್ಳಿ. ಗುಲಾಬಿ ಬಣ್ಣ 505 ನ್ಯಾನೊಮೀಟರಿನ ಹತ್ತಿರ ಹೀರುತ್ತದೆ, ನಿಮ್ಮ ಕಲರಿಮೀಟರಿನ ಹಸಿರು ಫಿಲ್ಟರ್ ಸಾಕು. ಒಂದೇ ಎಚ್ಚರಿಕೆ. ಗ್ಲೂಕೋಸ್ ಆಕ್ಸಿಡೇಸ್ ಹಿಡಿಯುವುದು ಬೀಟಾ ರೂಪವನ್ನು. ಬಾಟಲಿಯ ಗ್ಲೂಕೋಸ್ ಸಾಮಾನ್ಯವಾಗಿ ಆಲ್ಫಾ. ಬೆಳಿಗ್ಗೆ ಕರಗಿಸಿ ಹತ್ತು ಗಂಟೆಗೆ ಅಳೆದರೆ ಅಂಕಿ ಕಡಿಮೆ ಬಂದು, ಮಧ್ಯಾಹ್ನಕ್ಕೆ ತಾನೇ ಏರುತ್ತದೆ. ಹಿಂದಿನ ಸಂಜೆಯೇ ಕರಗಿಸಿಟ್ಟರೆ ಶೇ 64 ಬೀಟಾ, 36 ಆಲ್ಫಾ ಆಗಿ ನಿಲ್ಲುತ್ತದೆ. ಮುಧೋಳ, ಮಹಾಲಿಂಗಪುರದ ಬೆಲ್ಲ ನಿಮ್ಮ ಕೈಯಳತೆಯಲ್ಲೇ ಇದೆ. ಅದರಲ್ಲಿ ಎಷ್ಟು ಗ್ಲೂಕೋಸ್ ಇದೆ ಅಂತ ನೋಡುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಆ ಊರಿನ ಮಕ್ಕಳಿಗೆ ಯಾವುದಿದೆ? ಬೆಲ್ಲದ ಬಣ್ಣಕ್ಕೆ ಮಾತ್ರ ಬೇರೆ ಬ್ಲ್ಯಾಂಕ್ ಇರಲಿ.

ಕೊನೆಗೆ ಹಾಲು. ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 100 ಮಿ.ಲೀ. ಹಾಲಿಗೆ 70 ಮಿ.ಗ್ರಾಂ. ಯೂರಿಯಾ. ಅಂದರೆ ಸುಮಾರು 11.7 ಮಿಲಿಮೋಲಾರ್. ಹಾಲನ್ನು ನೇರವಾಗಿ ಅಳೆಯಲು ಬರುವುದಿಲ್ಲ, ಯಾಕೆಂದರೆ ಹಾಲೇ ಒಂದು ಬಲವಾದ ಬಫರ್. ನಿಮ್ಮ ತೆಳು ಬಫರಿನಲ್ಲಿ ಹತ್ತು ಪಟ್ಟು ತೆಳುವು ಮಾಡಿ, ಪಿಎಚ್ 7.2ಕ್ಕೆ ತನ್ನಿ. ಮಿತಿಯ ಹಾಲು ಆಗ 1.17 ಮಿಲಿಮೋಲಾರ್ ಆಗಿ ನೇರ ಭಾಗದೊಳಗೆ ಬೀಳುತ್ತದೆ. ನೀರಿನಲ್ಲಿ ಮಾಡಿದ ಕ್ಯಾಲಿಬ್ರೇಶನ್ ಇಲ್ಲಿ ನಡೆಯುವುದಿಲ್ಲ. ಅದೇ ತೆಳು ಹಾಲನ್ನು ನಾಲ್ಕು ಬೀಕರಿಗೆ ಹಂಚಿ, 0, 1, 2, 3 ಮಿಲಿಮೋಲಾರ್ ಯೂರಿಯಾ ಸೇರಿಸಿ, ಗೆರೆಯನ್ನು ಹಿಂದಕ್ಕೆ ಎಳೆಸಿ. ಆ ಗೆರೆ ಅಡ್ಡ ಅಕ್ಷವನ್ನು ಮುಟ್ಟುವ ಜಾಗದಲ್ಲಿ ತೆಳು ಹಾಲಿನ ಸ್ವಂತ ಯೂರಿಯಾ ಇದೆ, ಅದರ ಹತ್ತು ಪಟ್ಟು ಮೂಲ ಹಾಲಿನದು. ಪೊರೆಯಲ್ಲಿ ಕೊಬ್ಬು ಸೇರಿಕೊಳ್ಳುವುದರಿಂದ ಹಾಲಿಗೆ ಬಳಸಿದ ಪೊರೆಯನ್ನು ಅವತ್ತೇ ಬಿಸಾಡಿ, ಬಲ್ಬನ್ನು ತೊಳೆದು ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಡಿ, ಡಿಸ್ಟಿಲ್ಡ್ ನೀರಿನಲ್ಲಲ್ಲ.

ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಯಾರೂ ಏನೂ ಬೆರೆಸದ ಹಾಲಿನಲ್ಲೂ ಯೂರಿಯಾ ಇರುತ್ತದೆ, ಹಿಂಡಿ ಜಾಸ್ತಿ ತಿಂದ ಎಮ್ಮೆಯ ಹಾಲಿನಲ್ಲಿ ಇನ್ನೂ ಹೆಚ್ಚು. ಮಕ್ಕಳು ತಮ್ಮ ಮನೆಯ ಹಾಲು ತರಲಿ, ಪಕ್ಕದ ಮನೆಯದೂ ತರಲಿ. ಆದರೆ ಬಾಟಲಿಯ ಮೇಲೆ ಹಾಲು ಹಾಕುವವರ ಹೆಸರು ಬರೆಯಬಾರದು. ಬರೀ ನಂಬರ್. ಬಟ್ಟೆಯ ಪೊರೆಯಲ್ಲಿ ಬಂದ ಒಂದು ಅಂಕಿ ಇಟ್ಟುಕೊಂಡು ಊರಲ್ಲಿ ಯಾರನ್ನೂ ಕಳ್ಳ ಅನ್ನುವಂತಾಗಬಾರದು. ಅಂಕಿ ಮಿತಿ ದಾಟಿದರೆ ಅದೇ ಬಾಟಲಿಯನ್ನು ಬೇರೆ ಗುಂಪು, ಬೇರೆ ಪೊರೆಯಲ್ಲಿ, ಕುದಿಸಿದ ಪೊರೆಯ ಬ್ಲ್ಯಾಂಕ್ ಜೊತೆಗೆ ಮತ್ತೆ ಅಳೆಯಲಿ.